ಅಮೃತಮ್ಮನ ಕಾಯಿದೆ

ಅಮೃತಮ್ಮ ಸೊಸೆಯ ತಾಟಿನಲ್ಲಿದ್ದ ಜೋಳದ ರೊಟ್ಟಿಯನ್ನು ಮುರಿದು, ಅರ್ಧವನ್ನು ಬುಟ್ಟಿಗೆ ವಾಪಸ್ಸು ಹಾಕಿದಳು. ಸವಿತಾಗೆ ಎಂಟು ತಿಂಗಳು. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟ ಎಂಬುದು ಅಮೃತಮ್ಮನ ಕಾಯಿದೆ. ಆ ಮನೆಯಲ್ಲಿ ಅದಕ್ಕೆ ಇದುವರೆಗೆ ಎದುರು ಮಾತಿರಲಿಲ್ಲ.

ಇವತ್ತು ಸವಿತಾ ಕೈ ಚಾಚಿ ಆ ಅರ್ಧವನ್ನು ಮತ್ತೆ ತಾಟಿಗೆ ಹಾಕಿಕೊಂಡಳು.

“ಏನಿದು?”

“ಹಸಿವಿ ಆಗ್ಯದ ಅತ್ತಿ.”

“ತಡಕೋಬೇಕು. ಭೀಮು ಹುಟ್ಟಿದಾಗ ಬೊಗಸ್ಯಾಗ ಹಿಡೀತಿದ್ದ. ನಾ ಒಂದು ಕೂಗು ಹಾಕಿಲ್ಲ, ಗೊತ್ತದ ಏನು?”

ಆ ಭೀಮು, ಸವಿತಾಳ ಗಂಡ, ಅಲ್ಲೇ ಗೋಡೆಗೊರಗಿ ಕುಳಿತಿದ್ದ. ಮೂವತ್ತು ದಾಟಿದ ಗಂಡಸು, ಗಾಳಿ ಜೋರಾದರೆ ಯಾರಾದರೂ ಹಿಡಿದುಕೊಳ್ಳಬೇಕು ಎನ್ನುವಂಥ ಮೈ. ಬೆಳಿಗ್ಗೆ ಮೂವರೂ ಶಹಾಪುರದ ದವಾಖಾನೆಗೆ ಹೋಗಿದ್ದಾಗ ಅವನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಿತ್ತು. ತಮ್ಮೂರು ಸಗರಕ್ಕೆ ಮರಳುವ ಬಸ್ಸಿನಲ್ಲಿ ಊರ ಮಂದಿ, “ನಿನಗೆಲ್ಲಿ ಸಿರಿವಂತರ ಬ್ಯಾನಿ ಬಂತೋ” ಎಂದು ನಕ್ಕಿದ್ದರು. ಸಕ್ಕರೆ ಬರಲು ಮೈಮೇಲೆ ಮಾಂಸವಾದರೂ ಇರಬೇಕಲ್ಲ ಎಂಬುದು ಅವರ ಲೆಕ್ಕ. ಸವಿತಾಗೆ ನಗು ಬರಲಿಲ್ಲ. ತಾಯಿಯ ಹೊಟ್ಟೆಯಲ್ಲೂ ಎಳೆತನದಲ್ಲೂ ಅರೆಹೊಟ್ಟೆಯಲ್ಲಿ ಬೆಳೆದವರಿಗೆ, ಮುಂದೆ ತೆಳ್ಳಗಿದ್ದರೂ ಈ ಕಾಯಿಲೆ ಬರುವುದುಂಟು ಎಂದು ಡಾಕ್ಟರು ಹೇಳಿದ್ದು ಅವಳಿಗೆ ನಾಟಿತ್ತು.

“ಡಾಕ್ಟರ್ ಹೇಳಿದ್ದು ನೀವೂ ಕೇಳೀರಿ,” ಎಂದಳು.

ಅಮೃತಮ್ಮನಿಗೆ ಸಿಟ್ಟು ಬಂತು, ಕಣ್ಣೀರೂ ಬಂತು. “ನಾ ಏನು ಬೇಕಂತ ನನ್ನ ಮಗನ್ನ ಉಪವಾಸ ಕೆಡವೀನೇನು? ಮನ್ಯಾಗ ಇದ್ದದ್ದೇ ಅಷ್ಟು.”

“ನಿಮ್ಮ ತಪ್ಪಲ್ರಿ. ಆಗ ಇರಲಿಲ್ಲ. ಈಗ ಅದ. ಇದ್ದೂ ಯಾಕ ತೆಗೀತೀರಿ?”

“ಕೂಸು ಸಿಕ್ಕೊಂಡ್ರ ಸಾಯ್ತಿ ನೀ.”

ಅದು ಗದರಿಕೆಯಲ್ಲ, ಹೆದರಿಕೆ. ಅಮೃತಮ್ಮನ ತಂಗಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಸವಿತಾಗೂ ಅದು ಗೊತ್ತು, ಅವಳಿಗೂ ಭಯವಿತ್ತು. ಆದರೂ ತುತ್ತು ಮುರಿದಳು.

“ದವಾಖಾನ್ಯಾಗ ಹೆರ್ತೀನಿ. ಕೊಯ್ದು ತೆಗದ್ರೂ ತೆಗೀಲಿ. ನಂದು ಒಂದು ದಿನದ ಬ್ಯಾನಿ ಅತ್ತಿ. ನಿಮ್ಮ ಮಗ ಜಲ್ಮ ಪೂರಾ ಸೂಜಿ ಚುಚ್ಚಗೋಬೇಕು.”

ಭೀಮು ತಲೆ ತಗ್ಗಿಸಿದ. ಅಮೃತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಸವಿತಾ ರೊಟ್ಟಿಯ ಕೊನೆಯ ತುತ್ತನ್ನು ಪಲ್ಯದಲ್ಲಿ ಒರೆಸಿ ತಿಂದು ಮುಗಿಸಿದಳು. ಆಮೇಲೆ ಅತ್ತೆಯ ಮುಂದಿದ್ದ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇದು ನಂದಾಯ್ತು,” ಎಂದಳು. “ಇನ್ನ ಕೂಸಿಂದು.”