ಲೇಟ್ ಹಸ್ಬೆಂಡ್

ಹಸಿರು ಚಹಾದ ವಾಸನೆ ಬಂದರೆ ಈಗಲೂ ನಾನು ಐವತ್ತರ ದಶಕದ ಸಯನ್ ಬಡಾವಣೆಗೆ, ಆ ಒಂದು ಮಧ್ಯಾಹ್ನಕ್ಕೆ ಹೋಗಿಬಿಡುತ್ತೇನೆ.

ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿ ಹರುಕೊ ಎಂಬ ಜಪಾನಿ ಹೆಂಗಸು ಇದ್ದರು. ಅವರ ಗಂಡ ಕುರ್ಲಾದ ಗಿರಣಿಯೊಂದಕ್ಕೆ ಯಂತ್ರ ಜೋಡಿಸಲು ಬಂದವರು. ಗಂಡನನ್ನು ಕಳೆದುಕೊಂಡು ನಮ್ಮ ಜೊತೆಗಿದ್ದ ಸೋದರತ್ತೆ ಹರುಕೊಗೆ ಇಂಗ್ಲಿಷ್ ಕಲಿಸುತ್ತಿದ್ದರು. 'ಲೇಟ್' ಎಂದರೆ ತಡ, ಆದರೆ ಹೆಸರಿಗೆ ಮೊದಲು ಬಂದರೆ ತೀರಿಹೋದವರು ಎಂದು ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದರು.

ಹರುಕೊ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದು, ಚಹಾ ಘಮಿಸುವ ಕೈಗಳಿಂದ ಅತ್ತೆಯನ್ನು ಹಿಡಿದುಕೊಂಡರು. "ಲೇಟ್ ಹಸ್ಬೆಂಡ್! ಲೇಟ್ ಹಸ್ಬೆಂಡ್!"

ಅತ್ತೆಯ ಮುಖ ಬಿಳಿಚಿತು. "ಮಿಷಿನ್? ಆಕ್ಸಿಡೆಂಟ್?" ಹರುಕೊಗೆ ಅರ್ಥವಾಗಲಿಲ್ಲ. "ನೀರು ತಾರೇ, ಬೇಗ!" ಎಂದು ನನ್ನನ್ನು ಗದರಿಸಿದ ಅತ್ತೆ, ಅವರನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಹರುಕೊ ಗಾಬರಿಯಾಗಿ ಗಡಿಯಾರ ತೋರಿಸಿದರು. "ಲಂಚ್ ಟೈಮ್... ನೋ ಕಮಿಂಗ್!"

"ಅಯ್ಯೋ ದೇವರೇ!" ಅತ್ತೆ ಕಣ್ಣೊರೆಸಿಕೊಂಡರು. "ಸೇ, ಹಸ್ಬೆಂಡ್ ಈಸ್ ಲೇಟ್. ನಾಟ್ ಲೇಟ್ ಹಸ್ಬೆಂಡ್."

ಅಷ್ಟರಲ್ಲಿ ಕೆಳಗೆ ಬೂಟಿನ ಸದ್ದಾಯಿತು. ಹರುಕೊ ಇಳಿದು ಓಡಿದರು. ಅತ್ತೆ ಮಾತ್ರ ಹೊಸ್ತಿಲಲ್ಲೇ ನಿಂತು ಬರಿದಾದ ಮೆಟ್ಟಿಲುಗಳನ್ನು ನೋಡುತ್ತಿದ್ದರು.

"ಬಾಗಿಲು ಹಾಕ್ಲಾ ಅತ್ತೆ?" ಎಂದೆ.

"ಇರಲಿ ಬಿಡು, ಸ್ವಲ್ಪ ಹೊತ್ತು," ಎಂದರು.