ಮುಲಾಮು ಹಚ್ಚುವ ಹೊತ್ತು

ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಬಗ್ಗಿ ಕುಳಿತಿದ್ದ ಒರೆಸ್ಟ್‌ನ ಬೆನ್ನ ಮೇಲೆ ಡಾಕ್ಟರಮ್ಮನ ಬೆರಳು ಒಂದು ಕಡೆ ನಿಂತಿತು.

"ಡೀಸೆಲ್, ಗ್ರೀಸು, ರಬ್ಬರು... ಅಲರ್ಜಿ ಪರೀಕ್ಷೆಗೆ ಇವುಗಳ ಪಟ್ಟಿ ಅಂಟಿಸಿದ ಕಡೆಯೆಲ್ಲೂ ಚರ್ಮ ಕೆಂಪಾಗಿಲ್ಲ. ಇಲ್ಲಿ ಮಾತ್ರ ಕೆರಳಿದೆ. ಮನೇಲಿ ಜೇನು ಸಾಕ್ತೀರಾ?"

"ಹೆಂಡ್ತಿ ಸಾಕ್ತಾಳೆ."

"ಗೂಡಿನೊಳಗೆ ಜೇನ್ನೊಣ ಮೆತ್ತೋ ಅಂಟು ಇರುತ್ತಲ್ಲ, ಅದು ನಿಮಗೆ ಆಗಿಬರಲ್ಲ. ಅದನ್ನ ಮುಟ್ತೀರಾ?"

"ಮುಟ್ಟೋದೇನು, ಅದನ್ನೇ ಕರಗಿಸಿ ಮುಲಾಮು ಮಾಡಿ ದಿನಾ ಹಚ್ತಾಳೆ."

"ಯಾತಕ್ಕೆ?"

"ಈ ಕೈಗೇ."

ಡಾಕ್ಟರಮ್ಮ ಅವನ ಅಂಗೈ ತಿರುಗಿಸಿ ಬಿರುಕುಗಳನ್ನು ನೋಡಿದರು. ಒರೆಸ್ಟ್ ಅಂಗಿ ತೊಡುತ್ತ ಕೇಳಿದ, "ಹಾಗಾದ್ರೆ ಡೀಸೆಲಿಂದ ಆಗಿದ್ದಲ್ವಾ?"

"ಶುರುವಾಗಿದ್ದು ಯಾವುದರಿಂದ ಅಂತ ಈಗ ಹೇಳೋಕಾಗಲ್ಲ. ವಾಸಿಯಾಗೋಕೆ ಬಿಡದೇ ಇದ್ದಿದ್ದು ಮಾತ್ರ ಇದು."

ಡೀಸೆಲಿಂದಲೇ ಎಂದು ಊರೆಲ್ಲ ಹೇಳಿತ್ತು. ಯಾರ್ಕ್‌ಟನ್ ಊರಿನ ಸುತ್ತಮುತ್ತಲಿನ ಟ್ರ್ಯಾಕ್ಟರುಗಳೆಲ್ಲ ರಿಪೇರಿಗೆ ಬಂದು ನಿಲ್ಲುತ್ತಿದ್ದ ಅವನ ಶೆಡ್ಡಿಗೆ ಹೆಂಡತಿ ಸ್ಲಾವ್ಕಾ ಹಟ ಹಿಡಿದು ಬೀಗ ಹಾಕಿಸಿದ್ದಳು. ಲೇತು, ಜಾಕಿಗಳನ್ನು ಪಕ್ಕದ ಹೊಲದವನು ಕೊಂಡುಹೋಗಿದ್ದ. ಕೈ ಬಿರಿಯುವುದು ಮಾತ್ರ ನಿಂತಿರಲಿಲ್ಲ. ಸ್ಟೀರಿಂಗ್ ಹಿಡಿದರೆ ರಕ್ತ ಜಿನುಗುತ್ತಿತ್ತು. ಅದಕ್ಕೇ ಈಗ ಕಾರು ಓಡಿಸುವವಳೂ ಅವಳೇ.

ಆಸ್ಪತ್ರೆಯಿಂದ ಮನೆಗೆ ಹೊರಟು, ರೆಜೈನಾ ನಗರ ದಾಟಿ ಎಷ್ಟೋ ದೂರ ಬಂದಮೇಲೆ ಅವನು ವಿಷಯ ಹೇಳಿದ. ಸ್ಲಾವ್ಕಾ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು.

"ಉರಿಯುತ್ತೆ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ದೆ. ಉರಿದ್ರೆ ನಾಟ್ತಿದೆ ಅಂತ ಅರ್ಥ ಅಂದಿದ್ದೆ ನೀನು."

"ನಾನು ಸಾವಿರ ಅಂತೀನಿ ಮಾರಾಯ! ಕೈ ಕಿತ್ತುಕೊಳ್ಳಬೇಕಿತ್ತು."

ಅದೇಕೆ ಕಿತ್ತುಕೊಳ್ಳಲಿಲ್ಲವೋ ಅವನಿಗೇ ಗೊತ್ತಿರಲಿಲ್ಲ. ಸಿಟ್ಟು ಬರಬೇಕಾಗಿತ್ತು. ಶೆಡ್ಡು ನೆನೆದರೆ ಬರುತ್ತಲೂ ಇತ್ತು. ಆದರೆ ಯಾರ ಮೇಲೆ? ಊಟವಾದ ಮೇಲೆ ಅಡುಗೆಮನೆಯ ಮೇಜಿನ ಎದುರುಬದುರು ಕೂತು, ಒಂದೊಂದೇ ಬೆರಳು ಹಿಡಿದು ತೀಡುತ್ತ, ಯಾವ ಗೂಡಿನ ರಾಣಿ ಸತ್ತಿತು, ಇಗರ್ಜಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು ಎಂದು ಹೇಳುತ್ತಿದ್ದವಳ ಮೇಲೆಯೋ? ಅಷ್ಟು ಬಿಟ್ಟರೆ ಇಡೀ ದಿನ ಅವರ ನಡುವೆ ಮಾತು ಕಡಿಮೆ.

"ಜೇನು ಮಾರಿಬಿಡ್ತೀನಿ," ಎಂದಳು ಸ್ಲಾವ್ಕಾ, ಮುಂದಿನ ಗಾಜಿನಾಚೆ ನೋಡುತ್ತ.

"ಹುಚ್ಚಾ ನಿಂಗೆ? ಅದು ಹೋದ್ರೆ ಶೆಡ್ಡು ವಾಪಸ್ ಬರುತ್ತಾ?"

ಅದು ಸಮಾಧಾನದ ಮಾತೋ, ಚುಚ್ಚು ಮಾತೋ, ಆಡಿದವನಿಗೂ ತಿಳಿಯಲಿಲ್ಲ. ಅವಳು ಕಾರು ಚಾಲೂ ಮಾಡಿದಳು.

ಡಾಕ್ಟರಮ್ಮ ಹೇಳಿದ್ದನ್ನು ಅವಳು ಚಾಚೂತಪ್ಪದೆ ನಡೆಸಿದಳು. ಸ್ಟೀರಾಯ್ಡ್ ಮುಲಾಮು, ಅದರ ಮೇಲೆ ವಾಸನೆಯಿಲ್ಲದ ವ್ಯಾಸಲೀನು, ಮಲಗುವಾಗ ಹತ್ತಿಯ ಕೈಗವಸು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ದೂರ ಹೋಗಿಬಿಡುತ್ತಿದ್ದಳು. ಗೂಡು ಮುಟ್ಟಿದ ತನ್ನ ಕೈ ಎಷ್ಟು ತೊಳೆದರೂ ಅವಳಿಗೆ ನಂಬಿಕೆಯಿರಲಿಲ್ಲ. ಅವನು ಒಬ್ಬನೇ ಹಚ್ಚಿಕೊಳ್ಳುತ್ತಿದ್ದ. ಆಲೂಗಡ್ಡೆ ಕೀಳುವ ಹೊತ್ತಿಗೆ ಬಿರುಕುಗಳು ಕೂಡಿಕೊಂಡು, ಅಂಗೈ ಅವನದೇ ಅಲ್ಲವೆಂಬಷ್ಟು ನುಣುಪಾಯಿತು. ಬಂದವರೆಲ್ಲ ಕೈ ಕುಲುಕಿ ಮೆಚ್ಚಿಕೊಂಡರು. ಮನೆಯಲ್ಲಿ ಮಾತು ಮಾತ್ರ ಇನ್ನಷ್ಟು ಕಡಿಮೆಯಾಗಿತ್ತು.

ಒಂದು ಸಂಜೆ ಬೀಟ್‌ರೂಟಿನ ಸಾರು ಕುಡಿದು ಮುಗಿಸಿ, ತಟ್ಟೆ ಪಕ್ಕಕ್ಕೆ ಸರಿಸಿ, ಒರೆಸ್ಟ್ ಎರಡೂ ಕೈಗಳನ್ನು ಮೇಜಿನ ಮೇಲೆ ಅವಳ ಮುಂದೆ ಚಾಚಿದ.

ಸ್ಲಾವ್ಕಾ ಗಾಬರಿಯಿಂದ ಬಗ್ಗಿ ನೋಡಿದಳು. "ಏನಾಯ್ತು? ಎಲ್ಲಿ ಬಿರೀತು ಮತ್ತೆ?"

ತೋರಿಸಲು ಅವನ ಹತ್ತಿರ ಒಂದು ಗೀರೂ ಇರಲಿಲ್ಲ. ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.