ಬರ್ತೀನಿ ಅಂದವನು

ಬ್ಯಾಂಕಾಕಿನ ಊಟದ ಬೀದಿಗಳಲ್ಲಿ ಬಾಗಿಲುಗಳಿಗೆ ಕಿವಿ ಬಂದ ಮೇಲೆ, ಹೊಸ್ತಿಲಲ್ಲಿ ಆಡಿದ ಮಾತು ನಡೆಸದವರನ್ನು ಯಾವ ವಿಮಾನವೂ ಹತ್ತಿಸಿಕೊಳ್ಳುವುದಿಲ್ಲ. ಏನೂ ಹೇಳದೆ ಹೊರಟರೆ ಬಾಗಿಲು ತೆರೆಯುವುದಿಲ್ಲ. ಬಾಗಿಲುಗಳಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ನಮ್ಮ ವಾಡಿಕೆ ಮಾತ್ರ ತಿಳಿಯದು.

ಐದು ದಿನದ ಟೂರಿಗೆ ಬಂದ ದಾವಣಗೆರೆಯ ಮುರಿಗೆಪ್ಪ ಹತ್ತೊಂಬತ್ತು ಅಂಗಡಿಗಳಲ್ಲಿ ಉಂಡು, ಹತ್ತೊಂಬತ್ತು ಕಡೆಯೂ ಕೈಮುಗಿದು "ಬರ್ತೀನಿ" ಅಂದಿದ್ದ. ಮೂರು ವರ್ಷವಾಯಿತು. ಮಾತಿನಂತೆ ಹೋಗುತ್ತಾನೆ, ಉಣ್ಣುತ್ತಾನೆ, ಹೊರಡುವಾಗ ಬಾಯಿ ಮತ್ತೆ ತಾನಾಗಿ "ಬರ್ತೀನಿ" ಅನ್ನುತ್ತದೆ.

ಊರಲ್ಲಿ ತಾಯಿಗೆ ಡಾಕ್ಟರು ನಾಳೆ ಬೆಳಗಿನವರೆಗೆ ಗಡುವು ಕೊಟ್ಟಿದ್ದರು. ಸುದ್ದಿ ತಿಳಿದ ಮೇಲೆ ಮುರಿಗೆಪ್ಪ ನಾಲಿಗೆ ಕಚ್ಚಿಕೊಂಡು ಹದಿನೆಂಟು ಬಾಗಿಲುಗಳಲ್ಲಿ "ಹೋಗ್ತೀನಿ" ಅಂದು ಮುಗಿಸಿದ್ದ. ಉಳಿದದ್ದು ಅಜ್ಜಿಯೊಬ್ಬಳ ಶ್ಯಾವಿಗೆ ಸಾರಿನ ಅಂಗಡಿ. ಅಲ್ಲಿಗೆ ದಿನಕ್ಕೊಂದೇ ಸಲ ಪ್ರವೇಶ. ಅವನು ಅಲ್ಲಿ ಕೂತು ಉಣ್ಣುತ್ತಿದ್ದರೆ, ಕರೆದೊಯ್ಯಲು ಬಂದಿದ್ದ ಹೆಂಡತಿ ಸರ್ವಮಂಗಳ ಟಿಕೆಟ್ಟು ಹಿಡಿದು ಪಕ್ಕದಲ್ಲೇ ಕೂತಿದ್ದಳು.

"ಲಗೂ ಏಳ್ರಿ. ಅತ್ತಿ ನಿಮ್ಮ ದಾರಿ ನೋಡಾಕತ್ತಾರ."

ಮುರಿಗೆಪ್ಪ ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, "ಹೋಗ್ತೀವಿ" ಅಂದ.

ಸರ್ವಮಂಗಳ ಬೆಚ್ಚಿಬಿದ್ದಳು. "ಬಿಡ್ತು ಅನ್ರಿ! ಅತ್ತಿ ಅಲ್ಲಿ ಆ ಸ್ಥಿತ್ಯಾಗ ಮಲಗಿರುವಾಗ ಯಾರಾದ್ರೂ ಹೋಗ್ತೀವಿ ಅಂತಾರೇನ್ರಿ?"

ಅವನು ಅವಳ ಬಾಯಿ ಮುಚ್ಚಲು ಕೈ ಚಾಚುವಷ್ಟರಲ್ಲಿ ಅವಳು ಅಜ್ಜಿಯ ಕಡೆ ತಿರುಗಿ ಕೈಮುಗಿದಾಗಿತ್ತು.

"ತಪ್ಪು ತಿಳೀಬ್ಯಾಡ್ರಿ ಅಜ್ಜಿ. ಇಬ್ರೂ ಬರ್ತೀವಿ."

ಬಾಗಿಲು ಬಹಳ ಮರ್ಯಾದೆಯಿಂದ ತೆರೆದುಕೊಂಡಿತು. ಅಜ್ಜಿ ನಾಳೆಗೆಂದು ಎರಡು ಬಟ್ಟಲು ತೊಳೆದಿಟ್ಟಳು.